ದೇವಗಿರಿಯ ಕೆರೆಯಲ್ಲಿ ಸಿಕ್ಕ ಉತಾರ!

ಬ್ಯಾಡಗಿ ಅಂದರೆ? ಮೆಣಸಿನಕಾಯಿ! ರಾಣೆಬೆನ್ನೂರು ಅಂದರೆ? ಕೃಷ್ಣಮೃಗ! ಹಾವೇರಿ ಅಂದರೆ? ಏಲಕ್ಕಿ ಹಾರ!

ಇಷ್ಟಕ್ಕೆ ಯಾರೂ ತಡವರಿಸುವುದಿಲ್ಲ. ಸರಿ, ಈಗ ಹೇಳಿ ನೋಡೋಣ: ದೇವಗಿರಿ ಅಂದರೆ?

‘ಡಿ.ಸಿ. ಆಫೀಸು’ ಅಂದಿರಲ್ಲವೇ? ತಪ್ಪೇನಿಲ್ಲ. 1997ರಲ್ಲಿ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲಾಡಳಿತ ಭವನ ತಲೆ ಎತ್ತಿದ್ದು ಹಾವೇರಿ ಊರಾಚೆಯ ಈ ದೇವಗಿರಿಯಲ್ಲೇ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇಲ್ಲೇ. ಹೊಲ ಎನ್‌ಎ (ಕೃಷಿಯೇತರ) ಮಾಡಿಸಬೇಕೇ? ಜಮೀನಿನ ತಕರಾರಿದೆಯೇ? ಕಾಗದಪತ್ರದ ಚೀಲ ಬಗಲಿಗೆ ಹಾಕಿಕೊಂಡು ಇಡೀ ಜಿಲ್ಲೆ ಇತ್ತ ಬರುತ್ತದೆ.

ಆದರೆ ಈ ಊರಿನ ಕೆರೆಯಲ್ಲಿ ಏನು ಸಿಕ್ಕಿತ್ತು ಗೊತ್ತೇ?

ವಿಗ್ರಹವೇ? ಅಲ್ಲ. ಹೊನ್ನಿನ ಕೊಡವೇ? ಅದೂ ಅಲ್ಲ. ತಾಮ್ರದ ತಗಡುಗಳು! ಅವುಗಳ ಮೇಲೆ ಕೊರೆದಿದ್ದು ಜಮೀನಿನ ದಾಖಲೆ, ಅಂದರೆ ಆ ಕಾಲದ ಉತಾರ! ಹೌದು, ಜಿಲ್ಲೆಯ ಜಮೀನಿನ ಕಡತಗಳೆಲ್ಲ ಬಂದು ಸೇರುವ ಊರಿನಲ್ಲೇ!

ಎಷ್ಟು ಹಳೆಯವು? ಊಹಿಸಿ. ವಿಜಯನಗರ? ಇನ್ನೂ ಹಿಂದೆ ಹೋಗಿ. ಕಲ್ಯಾಣದ ಚಾಲುಕ್ಯರು? ಇನ್ನೂ ಹಿಂದೆ. ರಾಷ್ಟ್ರಕೂಟರು? ಸಾಲದು! ಬಾದಾಮಿಯಲ್ಲಿ ಒಂದೂ ಗುಹೆ ಕೊರೆಯುವ ಮೊದಲಿನ ಕಾಲ. ಬನವಾಸಿಯ ಕದಂಬರು! ಸುಮಾರು 1500 ವರ್ಷ!

ಒಟ್ಟು ಮೂರು ದಾನಪತ್ರಗಳು. 1878ರಲ್ಲಿ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವನ್ನು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗ ಕರ್ನಾಟಕದ ಚರಿತ್ರೆಗೆ ಹೊಸ ಬಾಗಿಲೇ ತೆರೆಯಿತು.

ಮೊದಲನೆಯದನ್ನು ಹತ್ತಿರದಿಂದ ನೋಡಿ. ಕೊಟ್ಟವನು ರಾಜ ಮೃಗೇಶವರ್ಮ, ತನ್ನ ಆಳ್ವಿಕೆಯ ಮೂರನೆಯ ವರ್ಷದಲ್ಲಿ. ಕೊಟ್ಟಿದ್ದು ಒಂದು ಜಿನಾಲಯಕ್ಕೆ. ಯಾತಕ್ಕೆ? ಗುಡಿ ಗುಡಿಸುವುದಕ್ಕೆ! ತುಪ್ಪದ ಅಭಿಷೇಕಕ್ಕೆ! ಪೂಜೆಗೆ! ಒಡೆದದ್ದನ್ನು ರಿಪೇರಿ ಮಾಡುವುದಕ್ಕೆ! ಎಂಥ ಭೂಮಿ? ಎರೆಭೂಮಿ, ಅದೂ ಅರಸರ ಅಳತೆಗೋಲಿನಿಂದ ಅಳೆದು ಕೊಟ್ಟದ್ದು! ನಮ್ಮ ರೈತರು ಇವತ್ತಿಗೂ ಹೊಲದ ಮಾತು ಶುರು ಮಾಡುವುದು ‘ಎರಿಯೋ, ಮಸಾರಿಯೋ’ ಅಂತಲೇ ಅಲ್ಲವೇ?

ಇನ್ನೊಂದಿದೆ. ಬರೀ ಹೂವಿಗೆಂದೇ ಪ್ರತ್ಯೇಕವಾಗಿ ಒಂದು ನಿವರ್ತನ (ಆಗಿನ ಭೂಮಿಯ ಅಳತೆ) ಜಾಗ! ದೇವರ ಅಲಂಕಾರಕ್ಕೆ ಹೂವು ತಪ್ಪಬಾರದೆಂದು ಒಬ್ಬ ಅರಸ ಅಷ್ಟು ನೆಲವನ್ನು ತಾಮ್ರದಲ್ಲಿ ಬರೆಸಿ ಕೊಟ್ಟಿದ್ದಾನೆ! ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎರಡನೆಯದು ಇನ್ನೂ ದೊಡ್ಡ ಬೆರಗು. ಅದೇ ಮೃಗೇಶವರ್ಮ ಮರುವರ್ಷ ಕಾಲವಂಗ ಎಂಬ ಇಡೀ ಹಳ್ಳಿಯನ್ನು ಮೂರು ಪಾಲು ಮಾಡಿದ. ಒಂದು ಪಾಲು ಜಿನೇಂದ್ರನಿಗೆ. ಎರಡನೆಯದು ಯಾರಿಗೆ? ಬಿಳಿ ಬಟ್ಟೆಯ ಶ್ವೇತಪಟ ಸಂಘಕ್ಕೆ. ಮೂರನೆಯದು? ನಿರ್ಗ್ರಂಥ ಸಂಘಕ್ಕೆ, ಅಂದರೆ ದಿಗಂಬರರಿಗೆ! ಎರಡು ಪಂಥ, ಒಂದೇ ಹಳ್ಳಿ, ಒಂದೇ ಪತ್ರ!

ಮೂರನೆಯ ಪತ್ರ ಯುವರಾಜ ದೇವವರ್ಮನದು. ಅವನು ಕೊಟ್ಟಿದ್ದು ಯಾಪನೀಯರಿಗೆ. ಬತ್ತಲೆ ಇದ್ದೂ ಹೆಂಗಸರಿಗೂ ಮೋಕ್ಷವುಂಟು ಎಂದು ಸಾರಿದ ಪಂಥ ಅದು! ಕನ್ನಡ ನಾಡಿನಲ್ಲಿ ಬೆಳೆದು ಈಗ ಪೂರ್ತಿ ಮಾಯವಾಗಿದೆ. ಶ್ವೇತಪಟ, ನಿರ್ಗ್ರಂಥ, ಯಾಪನೀಯ: ಮೂವರೂ ಒಂದೇ ಕೆರೆಯ ಹೂಳಿನಲ್ಲಿ!

ಅಂದಹಾಗೆ, ಇಷ್ಟೆಲ್ಲ ಬರೆಸಿದ ಮೃಗೇಶವರ್ಮ ಒತ್ತುವರಿ ತಡೆಯಲು ಏನು ಮಾಡಿದ? ನೋಟಿಸು? ದಂಡ? ತಾಮ್ರದಲ್ಲೇ ಶಾಪ ಕೊರೆಸಿದ! ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿ ಕಸಿದವನಿಗೆ ನರಕ. ಎಷ್ಟು ವರ್ಷ? ನೂರು? ಸಾವಿರ?

60,000 ವರ್ಷ!

ಈವರೆಗೆ ಕಳೆದದ್ದು ಬರೀ 1500. ಅಂದು ಯಾರಾದರೂ ಕಸಿದಿದ್ದರೆ, ಇನ್ನೂ 58,500 ಬಾಕಿ!