ಪಾರ್ಕ್ ಬರುತ್ತದಂತ ಈಗಲೇ ಎನ್‌ಎ ಮಾಡಿಸಬೇಕಾ?

"ಅಣ್ಣಾ, ಬಿಡದಿ ವಂಡರ್‌ಲಾದಂಥದ್ದು ನಮ್ಮ ಕಡೆನೂ ಬಂದ್ರ ಹೊಲಕ್ಕ ಕಮರ್ಷಿಯಲ್ ರೇಟ್ ಬರ್ತದ. ಈಗ್ಲೇ ಎನ್‌ಎ ಮಾಡಿಸಿ ಇಡ್ಲೇನು?" ಸಂಪಗಾಂವ ಕಡೆಯ ಹುಡುಗರು ಹೀಗೆ ಕೇಳ್ತಾರೆ.

ಅವಸರ ಬೇಡ. ವಂಡರ್‌ಲಾ ಶುರುವಾಗಿದ್ದು 2005ರಲ್ಲಿ. ಇಂಥ ಪಾರ್ಕಿಗೆ ಬಂದವರು ಆಟ, ಊಟ ಒಳಗೇ ಮುಗಿಸ್ತಾರೆ. ಹೊರಗೆ ವ್ಯಾಪಾರ ಆಗೋದು ರಸ್ತೆಗೆ ಹತ್ತಿದ ಜಾಗದಲ್ಲಿ, ಒಳಗಿನ ಹೊಲದಲ್ಲಲ್ಲ. ಆ ರಸ್ತೆಯೂ ಸರೀತದ: 2023ರ ಹೊತ್ತಿಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಬೈಪಾಸ್ ಬಿಡದಿ ಪೇಟೆಯನ್ನೇ ಬದಿಗಿಟ್ಟು ಹೋಯಿತು. ತಟ್ಟೆ ಇಡ್ಲಿಯವರನ್ನ ಕೇಳಿ ನೋಡ್ರಿ.

ಇನ್ನು ತೆರಿಗೆ. ಬೈಲಹೊಂಗಲದಂಥ, 10,000ದಿಂದ 1 ಲಕ್ಷ ಜನರಿರುವ ಪುರಸಭೆಯ ಗಡಿಯಿಂದ ನೇರ ಅಂತರ 2 ಕಿ.ಮೀ. ದಾಟಿದ ಹಳ್ಳಿಯ ಹೊಲವನ್ನು ಹೊಲವಾಗೇ ಮಾರಿದರೆ ಕ್ಯಾಪಿಟಲ್ ಗೇನ್ ತೆರಿಗೆ ಇಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಎನ್‌ಎ ಮಾಡಿಸಿ ಮಾರಿದಿರೋ, ಆ ವಿನಾಯಿತಿ ಹೋಗ್ತದ. ಜೊತೆಗೆ ಪರಿವರ್ತನೆ ಶುಲ್ಕವೂ ನಿಮ್ಮ ಕಿಸೆಯಿಂದಲೇ.

2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ರೈತರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಕೊಳ್ಳುವವನೇ ಕೊಂಡು ಎನ್‌ಎ ಮಾಡಿಸಿಕೊಳ್ಳಲಿ. ಸಂಚಕಾರ ಪತ್ರದಲ್ಲೇ ಹಾಗಂತ ಬರೆಸ್ರಿ.

ಸಂಚಕಾರ ತಗೊಳ್ಳೋ ಮೊದಲು ಮೊಬೈಲ್‌ನಲ್ಲೇ ಭೂಮಿ ತೆಗೆದು ಉತಾರ ನೋಡ್ರಿ. ಪಿತ್ರಾರ್ಜಿತ ಹೊಲವಾದ್ರೆ ಅಕ್ಕ-ತಂಗಿಯರದ್ದೂ ಪಾಲು ಐತಿ, ಅವರ ಸಹಿ ಬೇಕೇ ಬೇಕು. ಅಲ್ಲಿತನಕ ಈ ಹಂಗಾಮಿನ ಬಿತ್ತನೆ ಬಿಡಬ್ಯಾಡ್ರಿ.