ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಚೈನೇ ಎಲ್ಲ

2025ರ ಜುಲೈ 1ರ ರಾತ್ರಿ, ಅಮೆರಿಕದ ಮಿನಿಯಾಪೊಲಿಸ್ ನಗರದ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ರಾಂಗ್ ನ್ಯೂ ಬಿದ್ದರು. ಮಹಿಳಾ ಲೀಗಿನ ಕಮಿಷನರ್ಸ್ ಕಪ್ ಫೈನಲ್ ಪಂದ್ಯದ ವಿರಾಮ ಅದು. ಸುಮಾರು ಎಂಟಡಿ ಎತ್ತರದ ಒಂಟಿಚಕ್ರದ ಸೈಕಲ್ ಮೇಲೆ ಕೂತು, ಕಾಲಿನ ಮೇಲೆ ಬಟ್ಟಲು ಇಟ್ಟುಕೊಂಡು, ಅದನ್ನು ಒದ್ದು ಚಿಮ್ಮಿಸಿ ತಲೆಯ ಮೇಲೆ ಕೂರಿಸಿಕೊಳ್ಳುವುದು ಅವರ ಆಟ. ಆವತ್ತು ಆಟ ಶುರುವಾದ ಸ್ವಲ್ಪ ಹೊತ್ತಿಗೇ ಸೈಕಲ್ ಮುಗ್ಗರಿಸಿತು, ಮಣಿಕಟ್ಟು ಮುರಿಯಿತು. ಪ್ರಯಾಣದಲ್ಲಿ ಪೆಡಲಿಗೆ ಪೆಟ್ಟಾಗಿತ್ತು ಎಂದು ಆಮೇಲೆ ಅವರೇ ಹೇಳಿಕೊಂಡರು. ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು ಮತ್ತೆ ಅದೇ ಸೀಟು ಹತ್ತಿದರು.

ಚೀನಾದ ಶಾನ್‌ಶಿ ಪ್ರಾಂತ್ಯದ ಈ ಹೆಂಗಸಿಗೆ 'ರೆಡ್ ಪಾಂಡಾ' ಎಂಬ ಹೆಸರೇ ಹೆಚ್ಚು ಪ್ರಸಿದ್ಧ. ಏಳರ ಪ್ರಾಯದಲ್ಲೇ ಕಸರತ್ತಿಗೆ ಇಳಿದವರು. 2018ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಅವರ ಸೈಕಲ್ಲನ್ನು ಯಾರೋ ಕದ್ದೊಯ್ದಾಗ, ಹೊಸದನ್ನು ಮಾಡಿಸಿಕೊಟ್ಟದ್ದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ. ಅಂಗಡಿಗೆ ಹೋಗಿ ಕೊಳ್ಳುವ ಮಾಲು ಅದಲ್ಲ. ಸವಾರರ ಕಾಲಿನ ಉದ್ದ, ಮೈತೂಕ, ಆಡುವ ಆಟ ನೋಡಿಕೊಂಡು ಕಟ್ಟಬೇಕು.

ಅದೇ ಜಾತಿಯ ಸೈಕಲ್ಲನ್ನು ನಮ್ಮ ಸರ್ಕಸ್ ಡೇರೆಗಳಲ್ಲೂ ಕಾಣಬಹುದು. ಉದ್ದ ಕತ್ತಿನಿಂದಾಗಿ ಜಿರಾಫೆ ಎಂದೇ ಹೆಸರು. ಕೆಳಗೆ ಸಾಮಾನ್ಯವಾಗಿ 20 ಇಂಚಿನ ಒಂದು ಚಕ್ರ, ಮೇಲೆ ಐದಾರು ಅಡಿ ಎತ್ತರದಲ್ಲಿ ಸೀಟು, ಸೀಟಿನ ಕೆಳಗೆ ಪೆಡಲು. ಪೆಡಲಿನಿಂದ ಚಕ್ರಕ್ಕೆ ಒಂದು ಉದ್ದದ ಚೈನ್. ಮೇಲಿನ ಹಲ್ಲುಚಕ್ರಕ್ಕೂ ಕೆಳಗಿನದಕ್ಕೂ ಹೆಚ್ಚಾಗಿ ಹಲ್ಲಿನ ಲೆಕ್ಕ ಒಂದೇ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಚೈನಿಲ್ಲದೆ ಚಕ್ರದ ಮೇಲೆ ಚಕ್ರ ಕೂರಿಸಿ ಮಾಡಿದ್ದೂ ಉಂಟು. ಆಗ ಎರಡೇ ಚಕ್ರವಿದ್ದರೆ ಮುಂದೆ ಹೋಗಲು ಹಿಂದಕ್ಕೆ ತುಳಿಯಬೇಕಾಗುತ್ತದೆ, ಆದ್ದರಿಂದ ಮೂರು ಬೇಕು!

ಎತ್ತರ ಹೆಚ್ಚಿದಷ್ಟೂ ಕಷ್ಟ ಹೆಚ್ಚು ಎಂದು ನೋಡುವವರು ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಲಾಗದವರೂ ಉದ್ದನೆಯ ಕೋಲನ್ನು ನಿಲ್ಲಿಸಬಲ್ಲರು, ಏಕೆಂದರೆ ಉದ್ದದ ವಸ್ತು ನಿಧಾನವಾಗಿ ವಾಲುತ್ತದೆ. ಎತ್ತರ ನಾಲ್ಕು ಪಟ್ಟಾದರೆ ವಾಲಲು ಹಿಡಿಯುವ ಹೊತ್ತು ಎರಡು ಪಟ್ಟು. ಹಾಗಾಗಿ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ, ಆದರೆ ಸರಿಪಡಿಸಲು ಚಕ್ರವನ್ನು ಅಷ್ಟೇ ಹೆಚ್ಚು ದೂರ ಓಡಿಸಬೇಕು. ನಿಂತಲ್ಲೇ ನಿಲ್ಲುವುದು ಎಂಬುದೂ ಇಲ್ಲಿಲ್ಲ. ಒಂದೆಡೆ ಇರಬೇಕೆಂದರೆ ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ತುಳಿಯುತ್ತಲೇ ಇರಬೇಕು.

ನಿಜವಾದ ಕಷ್ಟ ಹತ್ತುವುದರಲ್ಲಿದೆ. ಕಲಿಯುವವರು ಗೋಡೆ, ಕಂಬ ಅಥವಾ ಏಣಿ ಹಿಡಿದು ಹತ್ತುತ್ತಾರೆ. ಪಳಗಿದವರು ಟೈರಿನ ಮೇಲೆ ಒಂದು ಕಾಲಿಟ್ಟು, ಚಕ್ರ ಜಾರುವ ಮೊದಲೇ ಮೇಲೇರಿ ಸೀಟು ಹಿಡಿಯುತ್ತಾರೆ. ಇಳಿಯುವುದಂತೂ ಸರಳ: ಸೈಕಲ್ಲನ್ನು ಹಿಂದಕ್ಕೆ ಬಿಟ್ಟು ಮುಂದಕ್ಕೆ ಜಿಗಿಯುವುದು. ಇದರ ಹುಚ್ಚು ಎಲ್ಲಿಗೆ ಮುಟ್ಟಿದೆಯೆಂದರೆ, 2004ರಲ್ಲಿ ಅಮೆರಿಕದ ಸೆಮ್ ಅಬ್ರಹಾಮ್ಸ್ 114 ಅಡಿ 9 ಇಂಚು ಎತ್ತರದ್ದನ್ನು 28 ಅಡಿ ದೂರ ತುಳಿದರು. ಮೇಲಿನಿಂದ ಹಗ್ಗ ಕಟ್ಟಿತ್ತು ಅನ್ನಿ.

ಇನ್ನು ಚೈನಿನ ವಿಷಯ. ಮಾಮೂಲು ಸೈಕಲ್ಲಿನಲ್ಲಿ ಚೈನ್ ಕಳಚಿದರೆ ಇಳಿದು, ಕೈ ಕಪ್ಪು ಮಾಡಿಕೊಂಡು ಹಾಕಿ ಮುಂದೆ ಹೋಗುತ್ತೇವೆ. ಇಲ್ಲಿ ಚೈನೇ ಬ್ರೇಕು, ಚೈನೇ ಹ್ಯಾಂಡಲು. ಅದು ತುಂಡಾದ ಗಳಿಗೆಯಲ್ಲಿ ಚಕ್ರಕ್ಕೂ ಸವಾರನಿಗೂ ಸಂಬಂಧ ಕಡಿದುಹೋಗುತ್ತದೆ, ಮುಂದಿನದು ನೆಲ. ಆರಡಿಯ ಸೈಕಲ್ಲಿಗೆ ಸಾಮಾನ್ಯ ಸೈಕಲ್ಲಿನ ಒಂದು ಚೈನ್ ಸಾಲುವುದಿಲ್ಲ. ಇನ್ನೊಂದರ ತುಂಡು ಸೇರಿಸಬೇಕು. ಸೇರಿಸುವಾಗ ಕ್ಲಿಪ್ಪಿನ ಲಿಂಕಿಗಿಂತ ಪಿನ್ ಹೊಡೆದು ಕೂರಿಸಿದ್ದು ಮೇಲು. ಕ್ಲಿಪ್ಪಿನ ಬಾಯಿ ಚೈನ್ ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕೆಂಬುದು ಪ್ರತಿ ಸೈಕಲ್ ಮೆಕ್ಯಾನಿಕ್ಕಿಗೂ ಗೊತ್ತು, ಆದರೆ ಎರಡೂ ದಿಕ್ಕಿಗೆ ಓಡುವ ಚೈನಿಗೆ ಬೆನ್ನು ಯಾವುದು?

ಚೈನ್ ಸಡಿಲವಾದರೆ ಪೆಡಲ್ ಮುಂದೆ ಹಿಂದೆ ಆಡುವಾಗ ನಡುವೆ ಒಂದು ಖಾಲಿ ಜಾಗ ಬರುತ್ತದೆ, ಆಮೇಲೆ ಕಟಕ್ಕೆಂದು ಜಗ್ಗುತ್ತದೆ. ಆ ಜಗ್ಗು ಸವಾರನನ್ನು ಅಲುಗಿಸುತ್ತದೆ. ಬಿಗಿ ಹೆಚ್ಚಾದರೆ ಬೇರಿಂಗ್ ತಿನ್ನುತ್ತದೆ. ಚೈನನ್ನು ಅಳೆದಾಗ 12 ಇಂಚು ಇರಬೇಕಾದ 24 ಕೊಂಡಿಗಳು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಹೆಚ್ಚು ತೋರಿದರೆ, ಹಲ್ಲುಚಕ್ರವೂ ಸವೆದಿರುತ್ತದೆ. ಅಷ್ಟು ದಿನ ಕಾಯುವುದೇ ತಪ್ಪು. ಇನ್ನೊಂದು ಅಪಾಯ ಮಾಮೂಲು ಸೈಕಲ್ಲಿನ ಹಿಂದಿನ ಚಕ್ರದಿಂದ ತಂದ ಫ್ರೀವೀಲಿನದು. ಕೈಯಾರೆ ಮಾಡಿಕೊಳ್ಳುವವರು ಅದನ್ನು ವೆಲ್ಡ್ ಮಾಡಿ ತಿರುಗದಂತೆ ಕೂರಿಸುತ್ತಾರೆ. ಆದರೆ ಅದರ ತಿರುಪಿನ ಮರೆ ಮುಂದಕ್ಕೆ ತುಳಿದರೆ ಬಿಗಿಯಾಗುವಂಥದ್ದು. ಹಿಂದಕ್ಕೆ ತುಳಿದಾಗ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಲಾಕ್ ರಿಂಗ್ ಬೇಕೇ ಬೇಕು.

ಪೆಡಲಿಗೂ ಹೀಗೊಂದು ಲೆಕ್ಕ. ಎಡಗಡೆಯ ಪೆಡಲಿನ ಮರೆ ತಿರುವು ಮುರುವು. ಪೆಡಲಿನ ತೋಳುಗಳನ್ನು ಎಡಬಲ ತಪ್ಪಿಸಿ ಕೂರಿಸಿದರೆ ತುಳಿಯುತ್ತಾ ತುಳಿಯುತ್ತಾ ಪೆಡಲ್ ಸಡಿಲವಾಗಿ ಬಿದ್ದೇ ಹೋಗುತ್ತದೆ. ಆಟಕ್ಕೆ ಮುಂಚೆ ನಟ್ಟು, ಪೆಡಲು, ಚೈನು ಮೂರನ್ನೂ ಕೈಯಿಂದ ಜಗ್ಗಿ ನೋಡುವುದು ಶಾಸ್ತ್ರಕ್ಕಲ್ಲ, ಮಿನಿಯಾಪೊಲಿಸ್‌ನ ಕಥೆ ನೆನಪಿರಲಿ.

ಈ ಸೈಕಲ್ಲಿಗೆ ಆಸರೆಯಾದ ನಮ್ಮ ದೇಶದ ಸರ್ಕಸ್ಸನ್ನು ಹುಟ್ಟುಹಾಕಿದವರು ಕರ್ನಾಟಕದ ಗಡಿಯ ಪಕ್ಕದವರೇ. ಸಾಂಗ್ಲಿ ಸೀಮೆಯ ಅಂಕಲಖೋಪದ ವಿಷ್ಣುಪಂತ ಛತ್ರೆ ಕುದುರೆ ಪಳಗಿಸುವುದರಲ್ಲಿ ನಿಸ್ಸೀಮರು. ಇಟಲಿಯ ಕಿಯಾರಿನಿಯ ಸರ್ಕಸ್ ಬಂದಾಗ, ಭಾರತೀಯರಿಂದ ಇದು ಆಗದು ಎಂದ ಆತನ ಸವಾಲಿಗೆ ಎದುರಾಗಿ ಇವರು ತಂಡ ಕಟ್ಟಿದರೆಂಬುದು ಸರ್ಕಸ್ಸಿನವರು ಹೇಳಿಕೊಂಡು ಬಂದ ಕಥೆ. 1880ರ ಮಾರ್ಚ್ 20ರಂದು ಗ್ರೇಟ್ ಇಂಡಿಯನ್ ಸರ್ಕಸ್ ಮೊದಲ ಆಟ ಆಡಿತು. ಕಾಗವಾಡದಿಂದ ಕೂಗಳತೆಯಲ್ಲಿರುವ ಮ್ಹೈಸಾಳದಲ್ಲಿ ದೇವಲರ ಸರ್ಕಸ್ ಎದ್ದಿತು. ದಕ್ಷಿಣದಲ್ಲಿ ತಲಶ್ಶೇರಿಯ ಬಾಸೆಲ್ ಮಿಷನ್ ಶಾಲೆಯ ಕಸರತ್ತಿನ ಮೇಷ್ಟ್ರು ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು.

ಈಗ ಡೇರೆಯಲ್ಲಿ ಹುಲಿ ಸಿಂಹ ಇಲ್ಲ. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಆಗಬೇಕಾದದ್ದೇ. ಆದರೆ ಎಳವೆಯಲ್ಲಿ ಕಲಿಸುವ ಹಳೆಯ ದಾರಿ ಮುಚ್ಚಿದ ಮೇಲೆ, ಶಾಲೆ ಬಿಡದೆ ಕಲಿಯುವ ಹೊಸ ದಾರಿ ಗಟ್ಟಿಯಾಗಿ ನೆಲೆಯೂರಲಿಲ್ಲ. ಇಡೀ ಆಟದ ಹೊರೆ ಈಗ ಜೋಕಾಲಿಯವರ, ಜೋಕರ್‌ಗಳ, ಸೈಕಲ್ಲಿನವರ ಹೆಗಲಿಗೆ ಬಿದ್ದಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಪುಣೆ ಮೂಲದ ರ‍್ಯಾಂಬೊ ಸರ್ಕಸ್ ನವಿ ಮುಂಬಯಿಯ ಐರೋಲಿಯಲ್ಲಿ ಸಿಕ್ಕಿಬಿತ್ತು. ಟಿಕೆಟ್ಟಿನ ದುಡ್ಡಿನಲ್ಲೇ ಊಟ ಮಾಡುವವರಿಗೆ ಟಿಕೆಟ್ಟೇ ಇಲ್ಲ. ಆ ವರ್ಷವೇ ಅವರು ಆಟವನ್ನು ಚಿತ್ರೀಕರಿಸಿ ಆನ್‌ಲೈನ್‌ನಲ್ಲಿ ಟಿಕೆಟ್ ಮಾರಿದರು. ಪರದೆಯ ಮೇಲೆ ಆರಡಿ ಆರಡಿಯಾಗಿ ಕಾಣುವುದಿಲ್ಲ ಎಂಬುದು ಬೇರೆ ಮಾತು.

ಮುಂಬಯಿ ಬದಿಯ ನಮ್ಮ ಟಿಟ್ವಾಳಾದಿಂದ ಆ ಐರೋಲಿ ದೂರವೇನಲ್ಲ. ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿದರಾಯಿತು. ಅಂಗಾರಕಿ ಚತುರ್ಥಿಗೆ ಟಿಟ್ವಾಳಾದ ಮಹಾಗಣಪತಿಯ ಮುಂದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವ ಈ ಕಡೆಯ ಜನಕ್ಕೆ ಡೇರೆಗಾಗಿ ಕಾಯುವ ತಾಳ್ಮೆಗೂ ಕೊರತೆಯಿಲ್ಲ. ಕಲ್ಯಾಣ, ಡೊಂಬಿವಲಿ, ಠಾಣೆಯ ಕಡೆ ಡೇರೆ ಎದ್ದ ಸುದ್ದಿ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಟಿಕೆಟ್ ಕೊಂಡು, ಆದಷ್ಟು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಒಂಟಿಚಕ್ರದವರು ಬಂದಾಗ ಅವರ ಮುಖದ ಜೊತೆಗೆ ಆ ಚೈನನ್ನೂ ನೋಡಿ.