ಗಾಲಿಯ ಮೇಲಿನ ಮನೆ: ಮೊದಲ ಪಯಣಕ್ಕೆ ಮುನ್ನ



ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋಗುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಬಂಡಿಯಲ್ಲೇ ಹಾಸಿಗೆ, ಮೂರು ಕಲ್ಲಿನ ಒಲೆ, ಗಂಟಿನಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಇಂದು ಕ್ಯಾರವಾನ್ ಎಂದು ಕರೆಯುವ ವಾಹನ ಇದರ ಮೋಟಾರು ರೂಪವೆನ್ನಬಹುದು. ಮಲಗುವ ಮಂಚ, ಒಲೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಅದರಲ್ಲೇ ಇರುತ್ತವೆ. ಸೊಲ್ಲಾಪುರ–ಹೊಸಪೇಟೆ ಹೆದ್ದಾರಿಯ ಮೇಲಿರುವ, ಆಲಮಟ್ಟಿಗೆ ಸಮೀಪದ ನಿಡಗುಂದಿಯಂಥ ಊರಿನವರು ಇಂಥ ವಾಹನ ಕೊಂಡರೆ ಏನನ್ನು ಗಮನಿಸಬೇಕು? ಹೊಸಬರ ಕಣ್ಣು ಸಾಮಾನ್ಯವಾಗಿ ಪರದೆ, ಮೆತ್ತೆಗಳ ಮೇಲೆಯೇ ಇರುತ್ತದೆ. ನೋಡಬೇಕಾದದ್ದು ಭಾರ, ಗಾಳಿ ಮತ್ತು ನೆಲ.

ಭಾರದ ಪಾಠವನ್ನು ನಮ್ಮ ಬಂಡಿ ಹೊಡೆಯುವವರಿಂದಲೇ ಕಲಿಯಬಹುದು. ಹೇರು ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ತೀರ ಮುಂಭಾರವಾದರೆ ಹೆಗಲು ಕುಸಿಯುತ್ತದೆ. ತುಸು ಮುಂಭಾರವೇ ಸರಿ. ಕಾರಿನ ಹಿಂದೆ ಎಳೆಯುವ ಕ್ಯಾರವಾನಿಗೂ ಇದೇ ನಿಯಮ: ಒಟ್ಟು ತೂಕದ ನೂರಕ್ಕೆ ಹತ್ತು ಪಾಲಿನಷ್ಟು ಅಥವಾ ತುಸು ಹೆಚ್ಚು ಭಾರ ಕೊಂಡಿಯ ಮೇಲೆ ಬೀಳಬೇಕು. ಹಿಂಭಾರವಾದ ಕ್ಯಾರವಾನ್ ವೇಗ ಹೆಚ್ಚಿದಂತೆ ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತದೆ. ಆಗ ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ತಗ್ಗಲು ಬಿಡಬೇಕು. 150 ಲೀಟರ್ ನೀರು ಎಂದರೆ 150 ಕಿಲೋ ತೂಕ ಎಂಬುದನ್ನೂ ಮರೆಯಬಾರದು.

ಹಳೆಯ ಮಿನಿ ಬಸ್ಸನ್ನು ತಾವೇ ಮಾರ್ಪಡಿಸುವವರಿಗೆ ಒಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ವಾಹನದ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ.

ವಿದ್ಯುತ್ತಿನ ಲೆಕ್ಕ ಸರಳ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬೇಗ ಕೆಡಬಾರದೆಂದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. 20 ವ್ಯಾಟಿನ ಫ್ಯಾನು, 5 ವ್ಯಾಟಿನ ಮೂರು ದೀಪಗಳಿಗೆ ಇದು ಸುಮಾರು 17 ಗಂಟೆ ಸಾಕು. 1200 ವ್ಯಾಟಿನ ಹವಾನಿಯಂತ್ರಕಕ್ಕಾದರೋ ಅರ್ಧ ಗಂಟೆ!

ನಮ್ಮ ಬೇಸಿಗೆಯಲ್ಲಿ ತಂಪು ಬೇಕೆನಿಸುವುದು ಸಹಜ. ಆದ್ದರಿಂದಲೇ ಜನ ಜನರೇಟರ್ ಹಚ್ಚಿ, ಕಿಟಕಿ ಮುಚ್ಚಿ ಮಲಗುತ್ತಾರೆ. ಅಪಾಯ ಇರುವುದು ಇಲ್ಲಿಯೇ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಸೇರಿದ್ದೇ ಕಾರಣವೆಂದು ತಪಾಸಣೆಯಿಂದ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ ಬಂದು, ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯದೆ ಪ್ರಾಣ ಹೋಗುತ್ತದೆ. ಜನರೇಟರ್ ಹೊರಗೆ ದೂರದಲ್ಲಿರಲಿ. ಇದ್ದಿಲ ಒಲೆ ಒಳಗೆ ಬೇಡವೇ ಬೇಡ. ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಸಿಗುತ್ತದೆ, ಅದನ್ನು ಕೂಡಿಸಿರಿ. ಅಡುಗೆ ಅನಿಲದ್ದು ಬೇರೆ ಗುಣ. ಅದು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದಲ್ಲಿ ಮಡುಗಟ್ಟುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು, ನೆಲಮಟ್ಟದಲ್ಲೂ ಗಾಳಿಗಂಡಿ ಇರಬೇಕು.

ಇನ್ನು ತಂಗುವ ಸ್ಥಳ. ನಮ್ಮ ಎರಿ ಭೂಮಿ ಒಣಗಿದಾಗ ಕಲ್ಲಿನಂತೆ ಗಟ್ಟಿ, ಆದರೆ ಅದರ ಜೇಡಿ ನೀರು ಹೀರಿ ಉಬ್ಬುತ್ತದೆ. ಸಂಜೆ ಹೊಲದಂಚಿಗೆ ನಿಲ್ಲಿಸಿದ ವಾಹನ ರಾತ್ರಿ ಒಂದು ಮಳೆಯಾದರೆ ಬೆಳಿಗ್ಗೆ ಅಲ್ಲಾಡದು. ಟ್ರ್ಯಾಕ್ಟರ್ ಇದ್ದ ರೈತರನ್ನು ಹುಡುಕಿಕೊಂಡು ಹೋಗಬೇಕಾದೀತು. ಗರಸು ಹಾಕಿದ ಜಾಗವನ್ನೇ ಆರಿಸಿರಿ.

ಆಲಮಟ್ಟಿ ಅಣೆಕಟ್ಟಿನ ಕೆಳಗೆ ಕೃಷ್ಣೆಯ ಪಾತ್ರದಲ್ಲಿ ಎಂದಿಗೂ ತಂಗಬೇಡಿರಿ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಗೇಟುಗಳು 26. ನಿಡಗುಂದಿಯಲ್ಲಿ ಬಿಸಿಲಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆಯಿಂದ ಒಳಹರಿವು ಏರಿ ಗೇಟು ತೆರೆಯಬಹುದು. ನದಿತೀರದ ಜನರಿಗೆ ಎಚ್ಚರಿಕೆ ಕೊಡುತ್ತಾರೆ ನಿಜ. ಕಿಟಕಿ ಮುಚ್ಚಿ ಮಲಗಿದ ಪರಸ್ಥಳದವರಿಗೆ ಅದು ಕೇಳಿಸಬೇಕಲ್ಲ!

ಮೊದಲ ರಾತ್ರಿಯನ್ನು ಮನೆಯ ಅಂಗಳದಲ್ಲೇ ಕಳೆಯುವುದು ಲೇಸು. ಅಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗಿರಿ, ಮನೆಯೊಳಗೆ ಹೋಗಿ ತಂದ ಪ್ರತಿಯೊಂದು ವಸ್ತುವನ್ನೂ ಚೀಟಿಯಲ್ಲಿ ಬರೆದಿಡಿರಿ. ಬೆಳಗಾಗುವಷ್ಟರಲ್ಲಿ ಆ ಚೀಟಿಯ ಎರಡೂ ಬದಿ ತುಂಬಿದ್ದರೆ ಆಶ್ಚರ್ಯವಿಲ್ಲ.